ಸಹಾಯ ಬೇಕು: 371 ಜೆ ಪ್ರಮಾಣಪತ್ರದಲ್ಲಿ ಹೆಸರಿನ ಗೊಂದಲ

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದೇನೆ. ಸಿಇಟಿಗೊಂದು ಅರ್ಜಿ, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ಪರೀಕ್ಷೆಗೊಂದು. ಬೇರೆ ಬೇರೆ ಲಾಗಿನ್, ಬೇರೆ ಬೇರೆ ಕೊನೆಯ ದಿನ. ಅಪ್ಪ ಗದ್ದೆಯಿಂದ ಬಂದು "ಅರ್ಜಿ ಹಾಕಿದೆಯೇನವ್ವಾ?" ಎಂದರೆ ಯಾವುದೆಂದು ನನಗೇ ಹೊಳೆಯುವುದಿಲ್ಲ. ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ; ಅವ್ವ ಅದರ ಮೇಲೆಯೇ ಹಾಲಿನ ಲೆಕ್ಕ ಬರೆದಿದ್ದಾಳೆ! ಈಗ ಎಲ್ಲವನ್ನೂ ಒಂದೇ ಫೈಲಿಗೆ ಸೇರಿಸಿದ್ದೇನೆ. ಜಾತಿ, ಆದಾಯ ಪತ್ರಗಳ ಆರ್‌ಡಿ ಸಂಖ್ಯೆಯೂ ಇದೆ.

ಸಿಕ್ಕಿಬಿದ್ದಿರುವುದು 371 ಜೆ ಪ್ರಮಾಣಪತ್ರದಲ್ಲಿ, ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ ಪತ್ರದಲ್ಲಿ. ಅದರಲ್ಲಿ ನನ್ನ ಹೆಸರಿನ ಜೊತೆ ಬರೀ ಇನಿಷಿಯಲ್ ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಪೂರ್ಣ ಹೆಸರಿದೆ. ಸೈಬರ್ ಅಂಗಡಿಯವರು "ನಡೆಯುತ್ತದೆ" ಎನ್ನುತ್ತಾರೆ, ಪಕ್ಕದ ಮನೆಯ ಅಣ್ಣ "ನಡೆಯುವುದಿಲ್ಲ" ಎನ್ನುತ್ತಾನೆ.

ಇಂಥ ವ್ಯತ್ಯಾಸ ಇಟ್ಟುಕೊಂಡೇ ದಾಖಲೆ ಪರಿಶೀಲನೆ ದಾಟಿದವರು ಇದ್ದೀರಾ? ಅಥವಾ ಸಹಾಯಕ ಆಯುಕ್ತರ ಕಚೇರಿಯಲ್ಲಿ ಮೊದಲೇ ತಿದ್ದಿಸಬೇಕೇ?