ಕಣ್ಣು ಮುಚ್ಚಿದರೆ ಭಯ ಎನ್ನುವ ಮಗ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಐದನೇ ತರಗತಿಯ ಮಗ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆ. ಡಾಕ್ಟರು ನೋಡಿ ಏನೂ ತೊಂದರೆ ಇಲ್ಲ ಎಂದಿದ್ದಾರೆ. ಶಾಲೆಯಲ್ಲಿ ಈಗ ಮೈಂಡ್‌ಫುಲ್‌ನೆಸ್, ಅಂದರೆ ಉಸಿರಿನ ಮೇಲೆ ಗಮನವಿಟ್ಟು ಈ ಕ್ಷಣದಲ್ಲಿರುವ ಧ್ಯಾನದಂಥ ಅಭ್ಯಾಸದ ತರಗತಿ ಶುರುವಾಗಿದೆ. ಅಲ್ಲಿ ಕಣ್ಣು ಮುಚ್ಚಿ ಕೂತರೆ ಇನ್ನೂ ಭಯವಾಗುತ್ತದಂತೆ. ಬಿಡಿಸಲೇ, ಮುಂದುವರಿಸಲೇ?

*

ತಂಗೀ, ನಾನು ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಮಾಡಿದವಳು. ಮೊದಲು ಒಂದು ಮಾತು ಕೇಳುತ್ತೇನೆ. ಆ ಹೊಟ್ಟೆನೋವು ಭಾನುವಾರ ಬರುತ್ತದಾ? ಇಲ್ಲ ಅಂತಾದರೆ, ನೋವು ಬಂದ ದಿನಕ್ಕೆಲ್ಲ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡಿ. ನನ್ನ ತರಗತಿಯ ಹುಡುಗನೊಬ್ಬನಿಗೆ ಬುಧವಾರ ಮಾತ್ರ ನೋಯುತ್ತಿತ್ತು. ಬುಧವಾರ ಎದ್ದು ನಿಂತು ಮಗ್ಗಿ ಒಪ್ಪಿಸುವ ದಿನ. ಒಪ್ಪಿಸಬೇಕಾಗಿದ್ದುದು ನನಗೇ! ಅದು ನಾಟಕವಲ್ಲ, ನೋವು ನಿಜವೇ. ಹೆದರಿದಾಗ ಹೊಟ್ಟೆ ಹಿಂಡುವುದು ದೊಡ್ಡವರಿಗೂ ಉಂಟಲ್ಲ? ಪಕ್ಕದವನ ಜೊತೆ ಕೂತು ಒಪ್ಪಿಸು ಎಂದೆ. ತಿಂಗಳೊಳಗೆ ಕಡಿಮೆಯಾಯಿತು. ಅವನಿಗೆ ಯಾವ ಧ್ಯಾನವೂ ಬೇಕಾಗಲಿಲ್ಲ.

ಇನ್ನು ಕಣ್ಣು ಮುಚ್ಚುವ ವಿಷಯ. ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದ ಕೂಡಲೇ ಹೆದರಿಕೆಯೇ ಎದುರು ಬಂದು ನಿಲ್ಲುತ್ತದೆ. ಅಂಥವರನ್ನು ಒತ್ತಾಯ ಮಾಡಬಾರದು. ಮನೆಯಲ್ಲಿ ದೇವರ ಗಂಟೆ ಇದೆಯಲ್ಲ, ಒಂದು ಸಲ ಬಾರಿಸಿ. ದನಿ ಪೂರ್ತಿ ನಿಂತಿತು ಅನ್ನಿಸಿದಾಗ ಕೈ ಎತ್ತು ಎನ್ನಿ. ಕಣ್ಣು ತೆರೆದೇ ಇರಲಿ. ಮಧ್ಯಾಹ್ನ ಊಟದ ನಂತರ ಗಲಾಟೆ ಎಬ್ಬಿಸುವ ನಲವತ್ತು ಮಕ್ಕಳು ಈ ಗಂಟೆಗೆ ಸುಮ್ನೆ ಕೂರುತ್ತಿದ್ದರು. ರಾತ್ರಿ ಮಲಗುವಾಗ ಹೊಟ್ಟೆ ಮೇಲೆ ತೆಂಗಿನ ಚಿಪ್ಪು ಇಟ್ಟು, ಉಸಿರಿಗೆ ಅದು ಏರಿ ಇಳಿಯುವುದನ್ನು ನೋಡಲಿ. ಎರಡು ನಿಮಿಷ ಸಾಕು. ಚಿಪ್ಪು ಉರುಳಿ ಬಿದ್ದು ನಕ್ಕರೆ ಇನ್ನೂ ಒಳ್ಳೆಯದು.

– ನಿವೃತ್ತ ಶಿಕ್ಷಕಿ, ಶಿರಸಿ

*

ನಾನು ಇಂಗ್ಲೆಂಡಿನಲ್ಲಿರುವ ಕನ್ನಡಿಗ. ಬ್ರಿಟನ್ನಿನ 85 ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ‘ಮಿರಿಯಡ್’ ಎಂಬ ದೊಡ್ಡ ಅಧ್ಯಯನ ನಡೆಯಿತು. 11ರಿಂದ 14 ವರ್ಷದ ಮಕ್ಕಳು. ಅರ್ಧದಷ್ಟು ಶಾಲೆಗಳಲ್ಲಿ ಶಿಕ್ಷಕರೇ ತರಬೇತಿ ಪಡೆದು ಮೈಂಡ್‌ಫುಲ್‌ನೆಸ್ ಕಲಿಸಿದರು. ಉಳಿದ ಕಡೆ ಎಂದಿನ ಪಾಠ. 2022ರಲ್ಲಿ ಫಲಿತಾಂಶ ಬಂತು. ಮಕ್ಕಳ ಮನಸ್ಸಿನ ಆರೋಗ್ಯದಲ್ಲಿ ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಬೇಸರ ಬಂದರೆ ಯಾರು ಮಾಡುತ್ತಾರೆ, ಅಲ್ವಾ?

ನಿಮ್ಮ ಮಗ ಅವರಿಗಿಂತ ಚಿಕ್ಕವನು. ಹಾಗಾಗಿ ಈ ಲೆಕ್ಕ ಅವನಿಗೆ ಹಾಗೇ ಹೊಂದಬೇಕೆಂದಿಲ್ಲ. ಆದರೆ ಒಂದೇ ಪಾಠ ಎಲ್ಲ ಮಕ್ಕಳಿಗೂ ಮದ್ದು ಎಂದು ಶಾಲೆಯವರು ಹೇಳಿದರೆ ಧೈರ್ಯವಾಗಿ ಪ್ರಶ್ನೆ ಕೇಳಿ.

– ಓದುಗ, ಲಂಡನ್

*

ನನಗೆ ಬಿಡಿಸುವುದು ಸರಿ ಕಾಣುವುದಿಲ್ಲ. ನಾನು ಕಲಬುರಗಿಯವನು, ದೆಹಲಿಯಲ್ಲಿ ಗಾಡಿ ಓಡಿಸುತ್ತೇನೆ. ಇಲ್ಲಿ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈನಲ್ಲಿ ಎಂಟನೇ ತರಗತಿವರೆಗೆ ಹ್ಯಾಪಿನೆಸ್ ತರಗತಿ ಶುರು ಮಾಡಿದರು. ಮೊದಲು ಕೆಲವು ನಿಮಿಷ ಉಸಿರಿನ ಮೇಲೆ ಗಮನ. ಆಮೇಲೆ ಕಥೆ, ಮಾತು. ಪರೀಕ್ಷೆ ಇರಲಿಲ್ಲ, ಮಾರ್ಕ್ಸ್ ಇರಲಿಲ್ಲ. ನನ್ನ ಮಗಳಿಗೆ ಅದರಲ್ಲಿ ಕಥೆಯೇ ಜಾಸ್ತಿ ಇಷ್ಟವಾಗಿತ್ತು. ಕಣ್ಣು ಮುಚ್ಚುವುದೊಂದನ್ನು ಬಿಟ್ಟು ಉಳಿದದ್ದರಲ್ಲಿ ಕೂರಿಸಿ ಎಂದು ಟೀಚರ್ ಹತ್ತಿರ ಮಾತಾಡಿ ನೋಡಿ. ಮನೆಗೆ ಬಂದ ಮೇಲೆ ‘ಇವತ್ತು ಸರಿಯಾಗಿ ಮಾಡಿದೆಯಾ?’ ಅಂತ ಮಾತ್ರ ಕೇಳಬೇಡಿ. ಅದೂ ಒಂದು ಪರೀಕ್ಷೆಯಾಗಿಬಿಡುತ್ತದೆ.

– ಓದುಗ, ದೆಹಲಿ

*

ಅಕ್ಕಾ, ನನ್ನ ಮಗಳದೂ ಇದೇ ಕಥೆಯಾಗಿತ್ತು. ನಿದ್ದೆ ಬಿಟ್ಟಳು, ಊಟ ಬಿಟ್ಟಳು, ಶಾಲೆಗೂ ಹೋಗಲಿಲ್ಲ. ಉಸಿರಾಟ ಕಲಿಸುತ್ತಾ ಮೂರು ತಿಂಗಳು ಕಾದು ನಾನು ತಪ್ಪು ಮಾಡಿದೆ. ಕೊನೆಗೆ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಹೇಳಿದಂತೆ ಮಕ್ಕಳ ಮನೋವೈದ್ಯರಿಗೆ ತೋರಿಸಿದೆವು. ಡಾಕ್ಟರು ಅವಳ ಜೊತೆ ಅರ್ಧ ಗಂಟೆ ಮಾತಾಡಿ, ಆಮೇಲೆ ನನ್ನನ್ನು ಒಳಗೆ ಕರೆದು ಕೇಳಿದ ಮೊದಲ ಪ್ರಶ್ನೆ: ‘ಬೆಳಿಗ್ಗೆ ನಿಮ್ಮ ಮನೆಯಲ್ಲಿ ಎಷ್ಟು ಜನ ಕೂಗಾಡುತ್ತೀರಿ?’

– ಓದುಗಿ, ಮಂಡ್ಯ