ಫ್ರೀಸರ್ಫರ್ (ಎಂಆರ್‌ಐ ಚಿತ್ರದಿಂದ ಮೆದುಳು ಅಳೆಯುವ ಸಾಫ್ಟ್‌ವೇರ್): ಪಿಟಿಎಸ್‌ಡಿ (ಆಘಾತದ ನಂತರ ಬರುವ ಮಾನಸಿಕ ಕಾಯಿಲೆ) ಗುಂಪಿನಲ್ಲಿ ಇಡೀ ಕಾರ್ಟೆಕ್ಸೇ (ಮೆದುಳಿನ ಹೊರಪದರ) ತೆಳು ಬರ್ತಾ ಉಂಟು, ಎಂತ ನೋಡ್ಬೇಕು?

ಕಡಲತಡಿ (ಮಂಗಳೂರು):
ನಮಸ್ಕಾರ. ರಸ್ತೆ ಅಪಘಾತದ ನಂತರ ಪಿಟಿಎಸ್‌ಡಿ ಆದವರನ್ನು ಅದೇ ಪ್ರಾಯದ ಆರೋಗ್ಯವಂತರ ಜೊತೆ ಹೋಲಿಸ್ತಾ ಇದ್ದೇನೆ. ಎಲ್ಲರಿಗೂ ಒಂದೇ 3 ಟೆಸ್ಲಾ ಎಂಆರ್‌ಐ ಯಂತ್ರ, 1 ಮಿ.ಮೀ. ಟಿ1 ಚಿತ್ರ (ಮೆದುಳಿನ ರಚನೆ ತೋರಿಸುವ ಸ್ಕ್ಯಾನ್). ರೀಕಾನ್-ಆಲ್ (ಫ್ರೀಸರ್ಫರ್‌ನ ಇಡೀ ಲೆಕ್ಕ ಓಡಿಸುವ ಕಮಾಂಡ್) ಎರರ್ ಇಲ್ಲದೆ ಮುಗಿದಿದೆ. ಆಂಟೀರಿಯರ್ ಸಿಂಗ್ಯುಲೇಟ್, ಇನ್ಸುಲಾ, ಪ್ರಿಫ್ರಂಟಲ್ ಕಡೆ ವ್ಯತ್ಯಾಸ ಸಿಗಬಹುದು ಅಂದುಕೊಂಡಿದ್ದೆ. ಬಂದದ್ದು ನೋಡಿದ್ರೆ ಮೋಟಾರ್ ಪಟ್ಟಿ, ಟೆಂಪೊರಲ್, ಎಲ್ಲ ಕಡೆಯೂ ರೋಗಿಗಳದ್ದೇ ತೆಳು. ಗೈಡ್‌ಗೆ ಖುಷಿ, ನನಗೆ ಸಂಶಯ. ತಲೆಬುರುಡೆಯ ಗಾತ್ರದಿಂದ ಭಾಗಿಸಬೇಕಾ?

ಬೈಲುಮನೆ (ಉಡುಪಿ):
ಭಾಗಿಸುದು ಬೇಡ. ಅದು ಹಿಪೊಕ್ಯಾಂಪಸ್‌ನಂಥ ಮೆದುಳಿನ ಒಳಭಾಗಗಳ ಗಾತ್ರ ಅಳೆಯುವಾಗ ಬೇಕು. ತಲೆ ದೊಡ್ಡದಾದಷ್ಟೂ ಕಾರ್ಟೆಕ್ಸ್ ದಪ್ಪ ಆಗ್ತದೆ ಅಂತ ಇಲ್ಲ.

ಮೊದಲು ತಲೆಯ ಅಲುಗಾಟ ನೋಡಿ. ಕಾರ್ಟೆಕ್ಸ್ ಸರಾಸರಿ ಎರಡೂವರೆ ಮಿ.ಮೀ. ದಪ್ಪ. ನೀವು ಹುಡುಕುವ ವ್ಯತ್ಯಾಸ ಹೆಚ್ಚೆಂದರೆ ಅದರಲ್ಲಿ ಚೂರು, ನಿಮ್ಮ ಒಂದು ವೋಕ್ಸೆಲೇ (ಚಿತ್ರದ ಅತಿ ಸಣ್ಣ ಘನ ಚುಕ್ಕಿ) 1 ಮಿ.ಮೀ. ತಲೆ ಸ್ವಲ್ಪ ಅಲುಗಿದರೂ ಬೂದು ಕಾರ್ಟೆಕ್ಸ್ ಮತ್ತು ಅದರ ಒಳಗಿನ ಬಿಳಿ ಭಾಗದ ಗಡಿ ಮಸುಕಾಗಿ ದಪ್ಪ ಕಡಿಮೆ ಬರ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೇ ಸ್ಕ್ಯಾನ್ ನಡುವೆ ಬೇಕಂತಲೇ ತಲೆ ಆಡಿಸಲು ಹೇಳಿದ್ರು. ಅದೇ ಮನುಷ್ಯ, ಅದೇ ಮೆದುಳು, ಆದರೂ ದಪ್ಪ ಕಡಿಮೆ ಬಂತು. ಪಿಟಿಎಸ್‌ಡಿ ಇದ್ದವರು ಸಣ್ಣ ಸದ್ದಿಗೂ ಬೆಚ್ಚಿಬೀಳುವವರು. ಅವರನ್ನು ಆ ಕೊಳವೆಯೊಳಗೆ ಮಲಗಿಸಿ ಢಬಢಬ ಬಡಿದರೆ ಅಲುಗದೆ ಎಂತ ಮಾಡ್ತಾರೆ ಮಾರಾಯ್ರೆ!

ಫ್ರೀಸರ್ಫರ್ ಕೊಡುವ ಎಸೆಗ್ ಸ್ಟ್ಯಾಟ್ಸ್ ಫೈಲ್‌ನಲ್ಲಿ ಸರ್ಫೇಸ್ ಹೋಲ್ಸ್ ಅಂತ ಒಂದು ಸಾಲು ಉಂಟು. ಸಾಫ್ಟ್‌ವೇರ್ ತಾನೇ ತಿದ್ದುವ ಮೊದಲು ಅದು ಕಟ್ಟಿದ ಕಾರ್ಟೆಕ್ಸ್ ಮೇಲ್ಮೈಯಲ್ಲಿ ಎಷ್ಟು ತೂತು ಇತ್ತು ಎನ್ನುವ ಲೆಕ್ಕ ಅದು. ಚಿತ್ರ ಕೆಟ್ಟಷ್ಟೂ ಅದು ಏರ್ತದೆ. ಎರಡೂ ಗುಂಪಿನದ್ದು ತೆಗೆದು ಹೋಲಿಸಿ.

ಘಟ್ಟದಾಚೆ:
ಆರೋಗ್ಯವಂತರದ್ದೇ ಸುಳ್ಳು ದಪ್ಪ ಇರಬಹುದು, ಅದನ್ನೂ ಬಿಡಬೇಡಿ. ಚಿತ್ರ ತೋರಿಸುವ ಫ್ರೀವ್ಯೂನಲ್ಲಿ ಪಿಯಲ್ ಗೆರೆ (ಕಾರ್ಟೆಕ್ಸಿನ ಹೊರ ಅಂಚು) ಹಾಕಿ ಒಂದೊಂದೇ ಸ್ಲೈಸ್ ಸರಿಸಿ. ಗೆರೆ ಮೆದುಳು ಬಿಟ್ಟು ಹೊರಗಿನ ಡ್ಯೂರಾ ಪದರ ಹತ್ತಿದ್ದರೆ ಆ ಜಾಗದ ದಪ್ಪ ಏರಿರ್ತದೆ. ಬುರುಡೆ ತೆಗೆದ ಚಿತ್ರವಾದ ಬ್ರೇನ್‌ಮಾಸ್ಕ್‌ನಲ್ಲಿ ಡ್ಯೂರಾ ಒರೆಸಿ, ಆಟೊರೀಕಾನ್-ಪಿಯಲ್ (ಆ ಗೆರೆ ಮತ್ತೆ ಎಳೆಯುವ ಹಂತ) ಮಾತ್ರ ಓಡಿಸಿದರೆ ಸಾಕು. ನಡುವೆ ಗುಡುಗಿಗೆ ಕರೆಂಟ್ ಹೋದರೆ (ನಿಮ್ಮ ಊರಲ್ಲಿ ಹೇಳುದೇ ಬೇಡ) ಕೆಲಸ ಓಡ್ತಾ ಉಂಟು ಅಂತ ಗುರುತಿಡುವ, ಸ್ಕ್ರಿಪ್ಟ್ಸ್ ಫೋಲ್ಡರಿನ ಈಸ್‌ರನ್ನಿಂಗ್ ಫೈಲ್ ಅಳಿಸದೆ ಮತ್ತೆ ಶುರುವಾಗುದಿಲ್ಲ.

ಕಡಲತಡಿ:
ಡ್ಯೂರಾ ಒಬ್ಬಿಬ್ಬರಲ್ಲಿ ಮಾತ್ರ. ಹೋಲ್ಸ್ ಮಾತ್ರ ರೋಗಿಗಳಲ್ಲಿ ಸ್ಪಷ್ಟವಾಗಿ ಜಾಸ್ತಿ. ಕೆಲವರ ಹಣೆಯ ಹತ್ತಿರ ನೀರಿನ ಅಲೆಯಂತೆ ಗೆರೆಗಳೂ ಉಂಟು. ಇವನ್ನು ಕೈಯಲ್ಲೇ ತಿದ್ದಬಹುದಾ?

ಬೈಲುಮನೆ:
ಆಗುದಿಲ್ಲ. ಮಸುಕಾದ ಗಡಿಯನ್ನು ನೀವು ತಿದ್ದಿದರೆ ಅದು ನಿಮ್ಮ ಊಹೆ, ಅಳತೆ ಅಲ್ಲ. ಮತ್ತೆ ಕರೆಸಿ ಸ್ಕ್ಯಾನ್ ಮಾಡ್ಲಿಕ್ಕೆ ಆದರೆ ಮಾಡಿ, ಇಲ್ಲದಿದ್ದರೆ ಬಿಟ್ಟುಬಿಡಿ. ಯಾರನ್ನು ಬಿಡುದು ಅಂತ ನೀವು ನಿರ್ಧರಿಸಬೇಡಿ. ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ಒಬ್ಬರು ಚಿತ್ರ ನೋಡಿ ಹೇಳಲಿ. ಉಳಿದವರಲ್ಲಿ ಪ್ರಾಯ, ಲಿಂಗದ ಜೊತೆ ಹೋಲ್ಸ್ ಸಂಖ್ಯೆಯನ್ನೂ ಕೋವೇರಿಯೇಟ್ (ಲೆಕ್ಕದಲ್ಲಿ ಅದರ ಪರಿಣಾಮ ಕಳೆಯುವ ಅಂಶ) ಆಗಿ ಹಾಕಿ. ಆದರೆ ರೋಗ ಜೋರಿದ್ದವರೇ ಜಾಸ್ತಿ ಅಲುಗಿದ್ದರೆ, ಆ ಲೆಕ್ಕ ನಿಜವಾದ ವ್ಯತ್ಯಾಸವನ್ನೂ ಸ್ವಲ್ಪ ನುಂಗ್ತದೆ. ಹಾಗಾಗಿ ಹಾಕಿದ್ದು, ಹಾಕದ್ದು ಎರಡೂ ಫಲಿತಾಂಶ ಕೊಡಿ.

ಇನ್ನು ಬರುವವರಿಗೆ ಟಿ1 ಮೊದಲೇ ತೆಗೆಸಿ, ಸುಸ್ತಾದ ಮೇಲೆ ಅಲ್ಲ. ಯಾವ ಸದ್ದು ಎಷ್ಟು ಹೊತ್ತು ಬರ್ತದೆ ಅಂತ ಮೊದಲೇ ಕೇಳಿಸಿ. ತಲೆಯ ಎರಡೂ ಬದಿಗೆ ಸ್ಪಂಜು ತುರುಕಲು ಟೆಕ್ನಿಶಿಯನ್‌ಗೆ ಹೇಳಿ, ಹೇಳದಿದ್ದರೆ ಮರೀತಾರೆ.