ಸಹಾಯ ಬೇಕು: ಮಾಡೆಲ್‌ನಲ್ಲಿ ಮೋಡ ನಿಲ್ಲುತ್ತಲೇ ಇಲ್ಲ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಮೋಡದ ಹಿಂದೆ ಬಿದ್ದಿದ್ದೇನೆ. 2001ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಾಚೆ ವಿಮಾನದಲ್ಲಿ ಹೋಗಿ ಅಳೆದರಲ್ಲ, ಆ ಡೈಕಾಮ್ಸ್-2 ಎಂಬ ಮೋಡ ಅಧ್ಯಯನದ ಪ್ರಯೋಗದ ಮೊದಲ ಹಾರಾಟದ ಕೇಸ್. ಅದನ್ನೇ ಕಂಪ್ಯೂಟರ್‌ನಲ್ಲಿ ಮತ್ತೆ ಮೂಡಿಸಲು ನೋಡುತ್ತಿದ್ದೇನೆ. ಸಮುದ್ರದ ಮೇಲೆ ಕಂಬಳಿ ಹಾಸಿದಂಥ ಸ್ಟ್ರಾಟೊಕ್ಯುಮುಲಸ್ ಮೋಡ. ತಳ ಸುಮಾರು 600 ಮೀಟರ್, ನೆತ್ತಿ 840ರ ಹತ್ತಿರ.

ನಿಜವಾದ ಮೋಡ ರಾತ್ರಿಯಿಡೀ ಗಟ್ಟಿಯಾಗಿತ್ತು. ನನ್ನ ಲಾರ್ಜ್ ಎಡ್ಡಿ ಸಿಮ್ಯುಲೇಷನ್‌ನಲ್ಲಿ (ಗಾಳಿಯ ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕುವ ಮಾಡೆಲ್) ಎರಡೇ ಗಂಟೆಗೆ ತೂತು ಬಿದ್ದು ಜರಡಿ ಥರ ಆಗುತ್ತದೆ.

ತೊಂದರೆ ನೆತ್ತಿಯಲ್ಲೇ ಇದೆ ಅನ್ನಿಸುತ್ತದೆ. ಅದರ ಕೆಳಗೆ ಒಂದು ಕೆಜಿ ಗಾಳಿಯಲ್ಲಿ 9 ಗ್ರಾಂ ನೀರು, ಮೇಲೆ ಬರೀ 1.5 ಗ್ರಾಂ. ಉಷ್ಣಾಂಶವೂ ಅಲ್ಲೇ ಥಟ್ಟನೆ ಜಿಗಿಯುತ್ತದೆ. ಇಷ್ಟೆಲ್ಲ ಆಗುವುದು ಕೆಲವೇ ಮೀಟರ್‌ನಲ್ಲಿ. ನನ್ನ ಗ್ರಿಡ್‌ನಲ್ಲಿ, ಅಂದರೆ ಮಾಡೆಲ್ ಗಾಳಿಯನ್ನು ತುಂಡು ಮಾಡುವ ಚೌಕುಳಿಯಲ್ಲಿ, ಒಂದೊಂದು ಮನೆಯ ಎತ್ತರವೇ 25 ಮೀಟರ್! ಮೇಲಿನ ಒಣ ಗಾಳಿ ಸುಳ್ಳುಸುಳ್ಳೇ ಒಳಗೆ ಬೆರೆತು ಹನಿಗಳನ್ನು ಕುಡಿದುಬಿಡುತ್ತಿದೆ, ಅಲ್ವಾ? 5 ಮೀಟರ್‌ಗೆ ಇಳಿಸಿದೆ. ಸ್ವಲ್ಪ ಜಾಸ್ತಿ ಹೊತ್ತು ಉಳಿಯಿತು, ಆದರೂ ತೆಳ್ಳಗೇ ಇದೆ. ಲ್ಯಾಪ್‌ಟಾಪ್ ಮಾತ್ರ ರಾತ್ರಿಯೆಲ್ಲ ಇಡ್ಲಿ ಪಾತ್ರೆ ಥರ ಬುಸುಗುಟ್ಟುತ್ತಿತ್ತು.

ನೆತ್ತಿಯ ಹತ್ತಿರ ಸಬ್‌ಗ್ರಿಡ್ ಮಿಕ್ಸಿಂಗ್ (ಗ್ರಿಡ್‌ಗಿಂತ ಸಣ್ಣ ಸುಳಿಗಳಿಂದಾಗುವ ಬೆರಕೆಯ ಅಂದಾಜು) ಅನ್ನು ಸುಮ್ನೆ ಕಡಿಮೆ ಮಾಡಿದರೆ ಸರಿಯಾ? ಅಥವಾ ಮೊದಲು ಅಡ್ವೆಕ್ಷನ್ ಸ್ಕೀಮ್, ಅಂದರೆ ಗಾಳಿ ಶಾಖ-ತೇವವನ್ನು ಹೊತ್ತೊಯ್ಯುವುದನ್ನು ಲೆಕ್ಕ ಹಾಕುವ ವಿಧಾನ, ಬದಲಿಸಲಾ? ಡೈವರ್ಜೆನ್ಸ್ (ಗಾಳಿ ಅಡ್ಡಡ್ಡವಾಗಿ ಹರಡಿ ಮೇಲಿನ ಗಾಳಿ ಕೆಳಗಿಳಿಯುವ ದರ) ಸೆಕೆಂಡಿಗೆ 3.75×10⁻⁶ ಕೊಟ್ಟಿದ್ದೇನೆ. ಮೋಡದ ನೆತ್ತಿ ಶಾಖ ಹೊರಗೆ ಸೂಸಿ ತಣ್ಣಗಾಗುವುದನ್ನೂ ಸೇರಿಸಿದ್ದೇನೆ.

ಈ ಕೇಸ್ ಓಡಿಸಿದವರು ಯಾರಾದರೂ ಇದ್ದರೆ ನಿಮ್ಮ ಸೆಟ್ಟಿಂಗ್ ಹೇಳಿ. ನನ್ನ ನೇಮ್‌ಲಿಸ್ಟ್ (ಮಾಡೆಲ್‌ನ ಸೆಟ್ಟಿಂಗ್ ಫೈಲ್) ಬೇಕಿದ್ದರೆ ಈಗಲೇ ಕಳಿಸುತ್ತೇನೆ.